ಎರಡು ಕೈ ಕೊಟ್ಟ ಗಸಗಸೆ

ಗಸಗಸೆ ಹುರಿಯುವ ಘಮ ಮೂಗಿಗೆ ಬಿದ್ದರೆ ಎಲ್ಲರಿಗೂ ಬಾಯಲ್ಲಿ ನೀರೂರುತ್ತದಂತೆ. ನನಗೆ ಅಲ್ಲಿ ಕೂರಲಾಗುವುದಿಲ್ಲ. ಮೊನ್ನೆ ಕೊಟ್ಟಿಗೆಹಾರದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೂತಿದ್ದಾಗ ಒಳಗೆ ಯಾರೋ ಕೋಳಿಸಾರಿನ ಮಸಾಲೆಗೆ ಗಸಗಸೆ ಹುರಿದರು. ಲೋಟ ಅಲ್ಲೇ ಬಿಟ್ಟು ರಸ್ತೆಗೆ ಬಂದು ನಿಂತೆ. ನಲವತ್ತು ದಾಟಿದ ಹೆಂಗಸು ಸಾಸಿವೆಗಿಂತ ಸಣ್ಣ ಕಾಳಿಗೆ ಹೆದರುವುದೆಂದರೆ ನಿಮಗೆ ನಗು ಬರಬಹುದು. ನಗಿ, ಪರವಾಗಿಲ್ಲ.

ಬಾಳೂರಿನ ಕಡೆಯ ಕಾಫಿ ಎಸ್ಟೇಟೊಂದರಲ್ಲಿ, ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ನಾವಿದ್ದೆವು. ಈಗ ಆ ಲೈನನ್ನೇ ಕೆಡವಿ ಹೋಂಸ್ಟೇಗೆ ಬರುವವರ ಕಾರು ನಿಲ್ಲಿಸಲು ಜಾಗ ಮಾಡಿದ್ದಾರೆ. ಎರಡು ಕೋಣೆಯ ಆ ಮನೆಗೆ ಅಪ್ಪನ ತಾಯಿಯೇ ಯಜಮಾನಿ, ಇಡೀ ಲೈನಿಗೆ ಅವಳೇ ಡಾಕ್ಟರು. ಹೊಟ್ಟೆ ಕೆಟ್ಟವರಿಗೆ ಮಜ್ಜಿಗೆಯಲ್ಲಿ ಅರೆದ ಗಸಗಸೆ, ಬಾಯಿಹುಣ್ಣಿನವರಿಗೆ ಕೊಬ್ಬರಿಯೊಂದಿಗೆ ಅಗಿಯಲು ಒಂದು ಚಿಟಿಕೆ, ನಿದ್ದೆ ಬಾರದ ಮುದುಕರಿಗೆ ಏಲಕ್ಕಿ ಹಾಕಿದ ಪಾಯಸ. ಕಾಫಿ ಕೊಯ್ಲಿನ ದಿನಗಳಲ್ಲಿ ತಾಯಂದಿರು ತೋಟಕ್ಕೆ ಹೋದ ಮೇಲೆ ಕೂಸುಗಳು ಅಳದಿರಲಿ ಎಂದು ನೆನೆಸಿದ ಗಸಗಸೆಯನ್ನು ಕಲ್ಲಿನ ಮೇಲೆ ತೇದು, ಬಟ್ಟೆಯಲ್ಲಿ ಹಿಂಡಿ, ಆ ಹಾಲನ್ನು ಒಳಲೆಯ ಮೂತಿಯಿಂದ ಅವುಗಳ ಬಾಯಿಗೆ ಬಿಡುತ್ತಿದ್ದಳು. ಅದು ತಪ್ಪೆಂದು ಆಗ ಯಾರಿಗೂ ಅನ್ನಿಸಿರಲಿಲ್ಲ. ಅಜ್ಜಿಗೆ ಒಂದೇ ಹಟ: "ಕೂಸಿಗೆ ಕೊಡೋದು ಒಂದೇ ಕೈ ಆಗಿರ್ಬೇಕು. ಎರಡು ಕೈ ಸೇರಿದ್ರೆ ಎಷ್ಟು ಹೋಯ್ತು ಅಂತ ಯಾರಿಗೂ ಗೊತ್ತಾಗಲ್ಲ."

ನನಗೆ ಎಂಟು ವರ್ಷ, ತಮ್ಮನಿಗೆ ಆರೇ ತಿಂಗಳು. ಹಲ್ಲು ಬರುವ ಸಂಕಟಕ್ಕೋ ಏನೋ ಅವನು ಎರಡು ದಿನದಿಂದ ಅತ್ತೂ ಅತ್ತೂ, ನಿದ್ದೆಯಿಲ್ಲದೆ ಅವ್ವನ ಕಣ್ಣು ಕೆಂಪಾಗಿದ್ದವು. ಆ ಬೆಳಿಗ್ಗೆ ಅಜ್ಜಿ ನೀರಿಗೆ ಹೋಗಿದ್ದಳು, ಹೊರಗೆ ಮೇಸ್ತ್ರಿ ಕೆಲಸಕ್ಕೆ ಕೂಗುತ್ತಿದ್ದ. ಅವ್ವ ಗಡಿಬಿಡಿಯಲ್ಲಿ ತಾನೇ ಗಸಗಸೆ ತೇದು, ಒಳಲೆ ತುಂಬಿಸಿ ಕುಡಿಸಿಬಿಟ್ಟಳು. ಕಲ್ಲು ತೊಳೆದಿಟ್ಟು, "ಅಜ್ಜಿಗೆ ಹೇಳ್ಬೇಡ ಕಣೇ, ಬೈತಾರೆ" ಎಂದು ಸೊಂಟಕ್ಕೆ ಕೊಯ್ಲಿನ ಚೀಲ ಕಟ್ಟಿಕೊಂಡು ಓಡಿದಳು. ಸ್ವಲ್ಪ ಹೊತ್ತಿಗೆ ಅಜ್ಜಿ ಬಂದು ಎಂದಿನಂತೆ ಕಲ್ಲಿನ ಮುಂದೆ ಕೂತಳು. ತಮ್ಮ ಇನ್ನೂ ಕೊಸರಾಡುತ್ತಿದ್ದ. ಹೇಳಬೇಕು, ಈಗ ಹೇಳಬೇಕು ಎಂದು ನನ್ನ ಗಂಟಲಿನವರೆಗೂ ಬಂತು. ಹೇಳಿದರೆ ಅವ್ವನಿಗೆ ಬೈಗುಳ, ಹೇಳದಿದ್ದರೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಒಳಲೆ ಅವನ ತುಟಿಗೆ ತಾಗಿತು. ನಾನು ಬಾಗಿಲ ಚಿಲಕ ಹಿಡಿದು ಸುಮ್ಮನೆ ನಿಂತಿದ್ದೆ.

ಮಧ್ಯಾಹ್ನದ ಗಂಜಿ ಹೊತ್ತಾದರೂ ಅವನು ಏಳಲಿಲ್ಲ. ಅಜ್ಜಿ ಅಂಗಾಲು ತಟ್ಟಿದಳು, ಒದ್ದೆ ಬಟ್ಟೆಯಿಂದ ಮುಖ ಒರೆಸಿದಳು, ಎತ್ತಿ ಕೂರಿಸಿದರೆ ಕತ್ತು ವಾಲಿತು. ಮೂಗಿನ ಹತ್ತಿರ ಬೆರಳಿಟ್ಟು ಕಾದಳು. ಉಸಿರು ಬಂತು, ಮತ್ತೆ ಬಹಳ ಹೊತ್ತು ಬರಲಿಲ್ಲ. ಆಗ ನಾನು ಅಳುತ್ತ ಎಲ್ಲ ಒದರಿಬಿಟ್ಟೆ. ಅಜ್ಜಿ ಬೈಯಲಿಲ್ಲ. "ಓಡು, ಕಣದಲ್ಲಿ ನಿಮ್ಮಪ್ಪ ಇದಾನೆ, ಕರಿ. ಈ ಮಾತು ಮಾತ್ರ ಯಾರ ಮುಂದೂ ಆಡ್ಬೇಡ" ಎಂದಳು. ಲೆಕ್ಕ ಬರೆಯುವ ರೈಟರು ಎಸ್ಟೇಟಿನ ಜೀಪು ತೆಗೆಸಿದರು. ಮೂಡಿಗೆರೆ ಆಸ್ಪತ್ರೆವರೆಗೆ ಪ್ರತಿ ತಿರುವಿನಲ್ಲೂ ಅಜ್ಜಿ ಅವನ ಹೆಸರು ಕೂಗುತ್ತಲೇ ಇದ್ದಳು. ತೋಟದಿಂದ ಓಡಿ ಬಂದು ಜೀಪು ಹತ್ತಿದ ಅವ್ವ ಚೀಲ ಬಿಚ್ಚುವುದನ್ನೂ ಮರೆತಿದ್ದಳು, ಅದರಿಂದ ಕಾಫಿ ಹಣ್ಣು ಒಂದೊಂದೇ ಜೀಪಿನ ತಳಕ್ಕೆ ಬೀಳುತ್ತಿತ್ತು.

ಡಾಕ್ಟರು ಕೇಳಿದ್ದು ಒಂದೇ: ಏನು ಕೊಟ್ಟಿರಿ, ಯಾರು ಕೊಟ್ಟಿರಿ? ಅವ್ವನ ತುಟಿ ಅಲುಗಿತು. ಅಷ್ಟರಲ್ಲಿ ಅಜ್ಜಿ, "ಗಸಗಸೆ ಹಾಲು. ನಾನೇ ಸ್ವಾಮಿ. ಅರಳು ಮರಳು, ಕೊಟ್ಟಿದ್ದು ಮರ್ತು ಎರಡು ಸಲ ಕೊಟ್ಬಿಟ್ಟೆ" ಅಂದಳು. ಸಂಜೆಗೆ ತಮ್ಮ ಕಣ್ಣು ಬಿಟ್ಟು ಅತ್ತ. ಆ ಅಳುವಿನಷ್ಟು ಇಂಪಾದದ್ದನ್ನು ನಾನು ಮತ್ತೆ ಕೇಳಿಲ್ಲ. ಅಪ್ಪ ಮಾತ್ರ ತಾಯಿಯ ಕಡೆ ತಿರುಗಿ, "ಇನ್ನು ಮಗೀನ ನೀ ಮುಟ್ಬೇಡ ಅವ್ವ" ಎಂದ. ಅವ್ವ ಗೋಡೆ ನೋಡುತ್ತ ನಿಂತಿದ್ದಳು.

ಆಮೇಲೆ ಆರು ವರ್ಷ ಅಜ್ಜಿ ಬದುಕಿದ್ದಳು. ಲೈನಿನವರು ಯಾರೂ ಅವಳ ಹತ್ತಿರ ಕೂಸು ತರಲಿಲ್ಲ. ತಮ್ಮ ತಪ್ಪುಹೆಜ್ಜೆ ಹಾಕುತ್ತ ಅವಳ ಕಡೆ ಓಡಿ ಬಂದರೆ ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದಳು. ಯಾಕಜ್ಜಿ ಹಾಗೆ ಹೇಳಿದೆ ಎಂದು ಒಮ್ಮೆ ಕೇಳಿದೆ. "ನಿಮ್ಮವ್ವ ಇನ್ನೂ ಈ ಮನೇಲಿ ಬಾಳ್ಬೇಕಲ್ಲೇ. ನಂದೇನು, ಮುಗೀತು" ಅಂದಳು. ನನಗೆ ಅವ್ವನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನನ್ನ ಮೇಲೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ತಮ್ಮ ಈಗ ಕಳಸದಲ್ಲಿ ಜೀಪು ಓಡಿಸುತ್ತಾನೆ. ಆ ದಿನದ ಸಂಗತಿಯನ್ನು ಅವನಿಗೆ ಯಾರೂ ಹೇಳಿಲ್ಲ. ಹೋದ ತಿಂಗಳು ಅವನ ಮಗಳ ನಾಮಕರಣ. ಊಟ ಮುಗಿದು ಮೂವರೇ ಕೂತಿದ್ದೆವು, ಮಗು ಅವ್ವನ ಮಡಿಲಲ್ಲಿತ್ತು. ಅವನು ನಗುತ್ತಲೇ ಕೇಳಿದ: "ಅಜ್ಜಿ ಇದ್ದಿದ್ರೆ ಇವಳನ್ನಾದ್ರೂ ಎತ್ಕೊಳ್ತಿತ್ತೋ ಏನೋ. ನನ್ನ ಕಂಡ್ರೆ ಅದಕ್ಕೆ ಆಗ್ತಾನೇ ಇರ್ಲಿಲ್ಲ, ಅಲ್ವಾ ಅವ್ವ?"

ಅವ್ವ ಮಗುವಿನ ಟೋಪಿ ಸರಿಮಾಡಿದಳು.

"ಅವ್ರ ಸ್ವಭಾವನೇ ಹಾಗೆ ಕಣೋ. ಯಾರನ್ನೂ ಹಚ್ಕೊಂಡವ್ರಲ್ಲ."

ತಮ್ಮ ನನ್ನ ಕಡೆ ನೋಡಿದ. ನಾನು ಹೌದು ಎಂದು ತಲೆಯಾಡಿಸಿದೆ.