ಎರಡನೇ ಜಾಯ್‌ಸ್ಟಿಕ್

ಟಿವಿಗೆ ಸಿಕ್ಕಿಸಿದರೆ ಸಾಕು, ಆಟ ತನ್ನಿಂದ ತಾನೇ ಶುರುವಾಗುತ್ತದೆ ಎಂದು ಮಗಳು ಹೇಳಿದಾಗ ನಾನು ನಂಬಲಿಲ್ಲ. ನಮ್ಮ ಮನೆಯಲ್ಲಿ ಸಿಕ್ಕಿಸಿದ ಕೂಡಲೇ ಶುರುವಾದ ವಸ್ತು ಇದುವರೆಗೆ ಒಂದೂ ಇಲ್ಲ. ಗ್ರೈಂಡರಿಗೆ ಎರಡು ಪೆಟ್ಟು ಬೀಳಬೇಕು, ಗೀಸರಿಗೆ ಬೈಗುಳ ಬೇಕು. ಇದು ನೋಡಿದರೆ ಬೆರಳಿನಷ್ಟು ಉದ್ದದ ಕಪ್ಪು ಕಡ್ಡಿ. ಅದನ್ನು ಟಿವಿಯ ಹಿಂದಿನ ತೂತಿಗೆ ತೂರಿಸಿದಳು, ಪರದೆಯ ತುಂಬ ಬಣ್ಣದ ಚೌಕಗಳು ಬಂದವು, ಪೀಂ ಪೀಂ ಅಂತ ಸಂಗೀತ ಹೊರಟಿತು. ಜೊತೆಗೆ ವಯರಿಲ್ಲದ ಎರಡು ಜಾಯ್‌ಸ್ಟಿಕ್. ಅವಳು ಹುಟ್ಟುವ ಮೊದಲಿನ ಕಾಲದ ಸಾವಿರಾರು ಆಟಗಳು ಆ ಕಡ್ಡಿಯೊಳಗೆ ಇವೆಯಂತೆ.

ಮಗಳು ಅಹಮದಾಬಾದಿನಲ್ಲಿ ಓದುತ್ತಾಳೆ, ಶನಿವಾರ ಶನಿವಾರ ವಡೋದರಾದ ನಮ್ಮ ಮನೆಗೆ ಬರುತ್ತಾಳೆ. ಅಲ್ಲಿನ ಅಂಗಡಿಯೊಂದರಿಂದ ಆ ಕಡ್ಡಿಯನ್ನು ತಂದದ್ದು ತನಗಲ್ಲ, ಅಪ್ಪನಿಗೆ.

"ಪಪ್ಪಾ, ಲೆಫ್ಟ್ ಅಂಗೂಠಾ ಇಲ್ಲಿ, ರೈಟ್ ಅಂಗೂಠಾ ಇಲ್ಲಿ ಇಡಿ ನೇ," ಎಂದು ಅವರ ಕೈಗೆ ಜಾಯ್‌ಸ್ಟಿಕ್ ಹಿಡಿಸಿ ಹೆಬ್ಬೆರಳುಗಳನ್ನು ಬಟನ್ನುಗಳ ಮೇಲೆ ಕೂರಿಸಿದಳು. ನಮ್ಮ ಮಗಳ ಕನ್ನಡ ಇದು. ಇಲ್ಲೇ ಹುಟ್ಟಿ ಬೆಳೆದವಳು, ಒಂದೇ ವಾಕ್ಯದಲ್ಲಿ ಮೂರು ಭಾಷೆ ಕಲಸಿ ಬಡಿಸುತ್ತಾಳೆ. ತಿದ್ದಿ ತಿದ್ದಿ ನನಗೆ ಸಾಕಾಗಿ ಹೋಗಿದೆ.

ನನ್ನ ಗಂಡನಿಗೆ ಆ ಬೇಸಿಗೆಯಲ್ಲಿ ಸಣ್ಣ ಸ್ಟ್ರೋಕ್ ಆಗಿತ್ತು. ಮಾತು ಉಳಿಯಿತು, ನಡಿಗೆ ಉಳಿಯಿತು, ಸಿಟ್ಟು ಮೊದಲಿಗಿಂತ ಜಾಸ್ತಿಯೇ ಉಳಿಯಿತು. ಬಲಗೈ ಮಾತ್ರ ಹೇಳಿದ್ದು ಕೇಳುತ್ತಿರಲಿಲ್ಲ. ಲೋಟ ಹಿಡಿದರೆ ಲೋಟ ಜಾರುತ್ತಿತ್ತು. ಹೆಬ್ಬೆರಳಿಗೆ ದಿನಾ ಕೆಲಸ ಕೊಡಿ, ಏನಾದರೂ ಒತ್ತುತ್ತಿರಲಿ ಎಂದು ಫಿಸಿಯೋಥೆರಪಿಯ ಹುಡುಗಿ ಹೇಳಿದ್ದಳು. ಅವಳು ಕೊಟ್ಟ ರಬ್ಬರ್ ಚೆಂಡನ್ನು ಇವರು ಎರಡೇ ದಿನಕ್ಕೆ ಮಂಚದ ಅಡಿಗೆ ಉರುಳಿಸಿದ್ದರು. ಅದಕ್ಕೇ ಮಗಳು ಈ ಉಪಾಯ ಹುಡುಕಿದ್ದು.

ಬೇರೆಯವರಿಗಾದರೆ ಕೈ ಅಂದರೆ ಕೈ. ಇವರಿಗೆ ಹಾಗಲ್ಲ. ಇವರು ದೋಸೆ ಹೊಯ್ಯುವವರು. ಮೊದಲು ಸೂರತ್ತಿನ ಪಾಂಡೇಸರಾದಲ್ಲಿ, ಅಣ್ಣನ ಹೋಟೆಲಿನಲ್ಲಿ, ಮಿಲ್ಲಿನ ಕೆಲಸಗಾರರಿಗೆ ಹೊಯ್ದರು. ಮದುವೆಯಾದ ಮೇಲೆ ಇಲ್ಲಿಗೆ ಬಂದು ಅಲಕಾಪುರಿಯಲ್ಲಿ ನಮ್ಮದೇ ಸಣ್ಣ ಉಡುಪಿ ಹೋಟೆಲು ಹಾಕಿದರು. ಯಜಮಾನನಾದವನು ಗಲ್ಲಾದಲ್ಲಿ ಕೂರಬೇಕು ಎಂದು ಯಾರು ಎಷ್ಟು ಹೇಳಿದರೂ ಕೇಳದೆ ಇಪ್ಪತ್ತಾರು ವರ್ಷ ಕಾವಲಿಯ ಮುಂದೆಯೇ ನಿಂತರು. ಈಗ ಗಲ್ಲಾದಲ್ಲಿ ನಾನು, ಕಾವಲಿಯಲ್ಲಿ ಕುಂದಾಪುರ ಕಡೆಯ ನಮ್ಮ ಹಳೆಯ ಭಟ್ಟರು, ಮನೆಯಲ್ಲಿ ಇವರೊಬ್ಬರೇ.

"ಎಡಗೈ ಸರಿ ಉಂಟಲ್ಲ, ಅದರಲ್ಲೇ ಹೊಯ್ದರೆ ಆಯ್ತಪ್ಪ," ಎಂದು ಭಟ್ಟರು ಒಮ್ಮೆ ಮನೆಗೆ ಬಂದಾಗ ಹೇಳಿ ನೋಡಿದರು.

"ಎಡಗೈಯಲ್ಲಿ ಊಟಕ್ಕೆ ಹಾಕುದಾ? ಗಿರಾಕಿಯ ಎದುರು? ಎಂತ ಮಾತು ಭಟ್ರೇ ನಿಮ್ಮದು!" ಎಂದು ಇವರು ಕೆರಳಿದರು. ಭಟ್ಟರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು.

ಆಟದಲ್ಲಿ ನೀಲಿ ಚಡ್ಡಿಯ ಒಬ್ಬ ಕುಳ್ಳ ಇದ್ದ. ಎಡ ಹೆಬ್ಬೆರಳು ಅವನನ್ನು ಓಡಿಸಬೇಕು, ಬಲ ಹೆಬ್ಬೆರಳು ಹಾರಿಸಬೇಕು. ಓಡುವುದೇನೋ ಚೆನ್ನಾಗಿಯೇ ಓಡುತ್ತಿದ್ದ. ನಾಲ್ಕು ಹೆಜ್ಜೆಗೆ ಒಂದು ಗುಂಡಿ ಬರುತ್ತಿತ್ತು. ಇವರು ಹಲ್ಲು ಕಚ್ಚಿ ಬಲ ಹೆಬ್ಬೆರಳನ್ನು ಒತ್ತುವಷ್ಟರಲ್ಲಿ ಅವನು ಗುಂಡಿಯೊಳಗೆ. ಪುಂಯ್ ಎಂದು ಒಂದು ಸೋತ ಸ್ವರ ಬರುತ್ತಿತ್ತು. ಮತ್ತೆ ಮೊದಲಿಂದ. ಹೋಟೆಲು ಮಧ್ಯಾಹ್ನ ಮೂರರಿಂದ ಐದರವರೆಗೆ ಮುಚ್ಚಿರುತ್ತದೆ. ಆ ಹೊತ್ತಿಗೆ ನಾನು ಮನೆಗೆ ಬಂದು ಇವರ ಹಿಂದಿನ ಮಂಚದ ಮೇಲೆ ಕೂತು ಆ ಪುಂಯ್ ಪುಂಯ್ ಕೇಳುತ್ತಿದ್ದೆ. ನನಗೇ ಆ ಕುಳ್ಳನನ್ನು ಕಂಡರೆ ಮೈ ಉರಿಯುತ್ತಿತ್ತು. ಒಂದು ಸಣ್ಣ ಗುಂಡಿ ಹಾರಲಿಕ್ಕೆ ಬರುವುದಿಲ್ಲವಾ ಇವನಿಗೆ, ದರಿದ್ರದವನು!

ಏಳನೆಯ ದಿನ ಇವರು ಜಾಯ್‌ಸ್ಟಿಕ್ಕನ್ನು ಕುರ್ಚಿಯ ಮೇಲೆ ಹಾಕಿ ಎದ್ದರು.

"ಸಾಕು ಮಾರಾಯ್ತಿ. ಅಣ್ಣನಿಗೆ ಫೋನ್ ಮಾಡಿ ಹೇಳ್ತೇನೆ, ಹೋಟೆಲು ಅವನೇ ನೋಡಿಕೊಳ್ಳಲಿ. ನಾವು ಊರಿಗೆ ಹೋಗುವ."

"ಊರಿಗೆ ಹೋಗಿ ಎಂತ ಮಾಡುದು?"

"ಎಂತ ಇಲ್ಲ. ಕೂರುದು."

ಬೈದಿದ್ದರೆ ನನಗೆ ಸಮಾಧಾನ ಇರುತ್ತಿತ್ತು. ಅವರು ಬೈಯದೆ ಮೆಲ್ಲಗೆ ಹೇಳಿದರು. ನನಗೆ ಹೆದರಿಕೆಯಾಯಿತು. ಈ ಮನುಷ್ಯ ಒಂದು ಸಲ ಕೂತರೆ ಮತ್ತೆ ಏಳುವವರಲ್ಲ ಎಂದು ನನಗೆ ಗೊತ್ತು. ಹೋಟೆಲು ಇರಲಿ, ಹೋಗಲಿ. ಇವರು ಮತ್ತೆ ಒಂದು ಸಲ ಕಾವಲಿಯ ಮುಂದೆ ನಿಲ್ಲಬೇಕು, ನನಗೆ ಬೇಕಾದದ್ದು ಅಷ್ಟೇ ಇತ್ತು.

ಮರುದಿನ ಶನಿವಾರ, ಮಗಳು ಬಂದಳು. ಅಪ್ಪ ಸ್ನಾನಕ್ಕೆ ಹೋದಾಗ ತಾನೇ ಆಡಲು ಕೂತು, ಸುಮ್ಮನೆ ಬಿದ್ದಿದ್ದ ಎರಡನೇ ಜಾಯ್‌ಸ್ಟಿಕ್ಕನ್ನು ನನ್ನ ಕೈಗೆ ಕೊಟ್ಟಳು. ನಾನು ಬಟನ್ ಒತ್ತಿದೆ. ಅವಳ ಕುಳ್ಳ ಹಾರಿದ.

"ಅರೇ, ಮಮ್ಮಿ, ಪೀಸ್ ಖರಾಬ್ ಇದೆ! ಎರಡೂ ಜಾಯ್‌ಸ್ಟಿಕ್‌ನಲ್ಲಿ ಒಬ್ಬನೇ ಚಾಲೂ ಆಗ್ತಾನೆ. ಸೋಮವಾರ ಬದಲಿ ಮಾಡಿಸಿ ಮುಂದಿನ ಶನಿವಾರ ತರ್ತೀನಿ."

"ಏನೂ ಬೇಡ, ಇರಲಿ," ಎಂದೆ. ನನಗೆ ಆಗಲೇ ಬುದ್ಧಿ ಓಡಿತ್ತು. "ಅಪ್ಪನಿಗೆ ಹೇಳಿದರೆ ನೋಡು ಮತ್ತೆ."

ಹೋಟೆಲಿನ ಕಾವಲಿಗೆ ಅದರದ್ದೇ ಒಂದು ಕ್ರಮ ಉಂಟು. ಇಬ್ಬರು ನಿಂತು ದೋಸೆ ಹೊಯ್ಯುವಾಗ ಒಬ್ಬನ ಕೈ ಹಿಂದೆ ಬಿದ್ದು ದೋಸೆ ಸೀಯತೊಡಗಿದರೆ ಪಕ್ಕದವನು ಬಾಯಿ ಬಿಡುವುದಿಲ್ಲ, ಸುಮ್ಮನೆ ಕೈ ಚಾಚಿ ಮಗುಚಿ ಹಾಕುತ್ತಾನೆ. ಮಾಡಿದವನು ಹೇಳಿಕೊಳ್ಳಬಾರದು, ಮಾಡಿಸಿಕೊಂಡವನೂ ಆ ಮಾತು ಎತ್ತಬಾರದು. ಹೊಸದಾಗಿ ಸೇರಿದ ಪ್ರತಿಯೊಬ್ಬನಿಗೂ ಇವರು ಮೊದಲ ದಿನ ಕಲಿಸುತ್ತಿದ್ದದ್ದು ಅದನ್ನೇ. ಗೋಡೆಯ ಆಚೆ ತೆಂಗಿನಕಾಯಿ ತುರಿಯುತ್ತ ಕೂತ ನನಗೆ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಹಾಗಾಗಿ ನಾನು ಮಾಡಹೊರಟದ್ದು ಮೋಸ ಎಂದು ನನಗೆ ಅನ್ನಿಸಲೇ ಇಲ್ಲ.

ಇವರನ್ನು ಹೇಗೋ ಪುಸಲಾಯಿಸಿ ಮತ್ತೆ ಆಡಲು ಕೂರಿಸಿದೆ. ನಾನು ಹಿಂದೆ ಮಂಚದ ಮೇಲೆ, ಸೆರಗಿನೊಳಗೆ ಎರಡನೇ ಜಾಯ್‌ಸ್ಟಿಕ್. ಗುಂಡಿ ಬಂತು, ಬಟನ್ ಒತ್ತಿದೆ, ಕುಳ್ಳ ಹಾರಿ ಆಚೆ ಬಿದ್ದ.

"ಹೋಯ್! ಕಂಡ್ಯಾ?" ಎಂದು ಇವರು ತಿರುಗಿದರು.

"ಎಂತದ್ದು? ನಾನು ನೋಡಲಿಲ್ಲ, ಜೊಂಪು ಹತ್ತಿತ್ತು," ಎಂದೆ.

ಎಷ್ಟೋ ವಾರಗಳ ಮೇಲೆ ಅವರ ಮುಖದಲ್ಲಿ ನಗು ಕಂಡೆ. ಸತ್ಯ ಹೇಳಬೇಕೆಂದರೆ, ಆ ಒಂದು ನಗುವಿಗಾಗಿ ನಾನು ಇನ್ನೂ ದೊಡ್ಡ ಸುಳ್ಳು ಹೇಳಲೂ ತಯಾರಿದ್ದೆ.

ಆ ಮೇಲೆ ದಿನಾ ಅದೇ ನಮ್ಮ ಮಧ್ಯಾಹ್ನ. ಕುಳ್ಳ ಗುಂಡಿ ದಾಟಿದ, ಉರುಳುವ ಪೀಪಾಯಿ ದಾಟಿದ, ಬೆಂಕಿಯ ಸೇತುವೆ ದಾಟಿದ. ನನ್ನ ಹೆಬ್ಬೆರಳು ಒತ್ತಿ ಒತ್ತಿ ಗಟ್ಟಿಯಾಯಿತು. ಆಟ ನನಗೆ ಎಷ್ಟು ಹಿಡಿಯಿತೆಂದರೆ ಗಲ್ಲಾದಲ್ಲಿ ಕೂತಾಗಲೂ ಮುಂದಿನ ಗುಂಡಿಯದೇ ಯೋಚನೆ. ಒಂದೆರಡು ಸಲ ಅವಸರದಲ್ಲಿ ಗುಂಡಿ ಬರುವ ಮೊದಲೇ ಹಾರಿಸಿಬಿಟ್ಟೆ. ಇವರು ಏನೂ ಅನ್ನಲಿಲ್ಲ. ಊರಿನ ಮಾತೂ ಎತ್ತಲಿಲ್ಲ.

ತಿಂಗಳಾದ ಮೇಲೆ ಒಂದು ದಿನ, ಆಟ ಮುಗಿಸಿ ಎದ್ದವರು ಬಿಳಿ ಪಂಚೆ ಹುಡುಕತೊಡಗಿದರು.

"ಭಟ್ರಿಗೆ ಹೇಳಿದ್ದೇನೆ. ಇವತ್ತು ಸಂಜೆ ಮೊದಲನೇ ದೋಸೆ ನನ್ನದು," ಎಂದರು.

ಪರದೆಯ ಕುಳ್ಳನನ್ನು ಹಾರಿಸಿದವಳು ನಾನು, ಕಾವಲಿಯ ಮೇಲೆ ಸೌಟು ತಿರುಗಿಸುವವರು ಯಾರು? ಈಗಲೇ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಚಪ್ಪಲಿ ಮೆಟ್ಟುತ್ತ ಅಂದರು, "ನೀನೂ ಬಾ. ಗಲ್ಲಾಕ್ಕಲ್ಲ, ಒಳಗೆ ಕಾವಲಿ ಹತ್ತಿರ ಬಾ."

ಇಪ್ಪತ್ತಾರು ವರ್ಷದಲ್ಲಿ ಇವರು ಆ ಮಾತು ಹೇಳಿದವರಲ್ಲ. ನಮ್ಮ ಹೋಟೆಲಿನಲ್ಲಿ ಹೆಂಗಸರು ಕಾವಲಿಯ ಹತ್ತಿರ ಹೋಗುವ ಪದ್ಧತಿ ಇಲ್ಲ. ನಾನು ಉಪ್ಪಿನಕಾಯಿ ಹಾಕಿದ್ದೇನೆ, ಚಟ್ನಿಪುಡಿ ಕುಟ್ಟಿದ್ದೇನೆ, ಹಿಟ್ಟಿನ ಹದ ನೋಡಿದ್ದೇನೆ, ಸೌಟು ಮಾತ್ರ ಮುಟ್ಟಿದವಳಲ್ಲ. ತಾನು ಗೆದ್ದದ್ದನ್ನು ಹೆಂಡತಿ ಹತ್ತಿರದಿಂದ ನೋಡಲಿ ಅಂತ ಕರೆಯುತ್ತಿದ್ದಾರೆ ಎಂದುಕೊಂಡೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ಐದಕ್ಕೆ ಶಟರ್ ಎತ್ತಿದೆವು. ದಿನಾ ಸಂಜೆ ಬರುವ ನಿವೃತ್ತ ಮಾಸ್ತರರು ಮೊದಲನೆಯವರಾಗಿ ಒಳಗೆ ಬಂದು, "ಅರೇ, ಕಾಕಾ ಆವ್ಯಾ!" ಎಂದು ಇವರು ಬಂದದ್ದು ಕಂಡು ಖುಷಿಯಿಂದ ಕೂಗಿದರು. ಅವರದ್ದು ಯಾವಾಗಲೂ ಸಾದಾ ದೋಸೆ. ಭಟ್ಟರು ಕಾವಲಿಗೆ ನೀರು ಚಿಮುಕಿಸಿ ಒರೆಸಿ, ಪಕ್ಕಕ್ಕೆ ಸರಿದರು.

ಇವರು ಬಲಗೈಯಲ್ಲಿ ಸೌಟು ಹಿಡಿದು ಹಿಟ್ಟಿನಲ್ಲಿ ಅದ್ದಿದರು. ಸೌಟು ಮೇಲೆ ಬಂತು, ಕಾವಲಿಯವರೆಗೂ ಬಂತು. ಅಲ್ಲಿ ಬೆರಳು ಸಡಿಲಾಯಿತು. ಸೌಟು ಠಣ್ ಎಂದು ಬಿತ್ತು, ಹಿಟ್ಟು ಕಾವಲಿಯ ಮೇಲೆಲ್ಲ ಚೆಲ್ಲಿ ಚುರ್ರೆಂದಿತು. ಮಾಸ್ತರರು ತಲೆ ತಗ್ಗಿಸಿ ಮೊಬೈಲು ನೋಡತೊಡಗಿದರು. ಭಟ್ಟರು ಸಾಂಬಾರಿನ ಪಾತ್ರೆಯ ಕಡೆಗೆ ತಿರುಗಿದರು. ನಾನು ನಿಂತಲ್ಲೇ ಅತ್ತುಬಿಟ್ಟೆ.

ಇವರು ಹಿಟ್ಟನ್ನು ನೋಡಲಿಲ್ಲ, ಕೈಯನ್ನೂ ನೋಡಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಎಂತ, ಇವತ್ತು ಒತ್ತಲಿಲ್ವಾ ನೀನು?"

"ಗೊತ್ತಿತ್ತಾ ನಿಮಗೆ?" ಎಂದು ಅಳುತ್ತಲೇ ಕೇಳಿದೆ.

"ಎರಡನೇ ದಿನವೇ ಗೊತ್ತಾಯ್ತು. ನಾನು ಬೆರಳು ಒತ್ತುವ ಮೊದಲೇ ಅವ ಹಾರಿ ಆಚೆ ಹೋಗಿರ್ತಿದ್ದ."

"ಮತ್ತೆ ಹೇಳುದಲ್ವಾ?"

"ಕಾವಲಿಯಲ್ಲಿ ಹೇಳುವ ಕ್ರಮ ಉಂಟಾ?"

ತಿಂಗಳು ಪೂರ್ತಿ ನಾನು ಇವರನ್ನು ನಂಬಿಸುತ್ತಿದ್ದೇನೆ ಅಂದುಕೊಂಡಿದ್ದೆ. ಗೊತ್ತಿದ್ದೂ ಆ ಮಾತು ಎತ್ತದೆ ನನ್ನ ಮರ್ಯಾದೆ ಕಾದವರು ಇವರು. ಸಿಟ್ಟೂ ಬಂತು, ನಾಚಿಕೆಯೂ ಆಯಿತು, ಅಳು ಮಾತ್ರ ನಿಲ್ಲಲಿಲ್ಲ.

"ಅತ್ತದ್ದು ಸಾಕು, ಬಾ ಇಲ್ಲಿ. ಆಟದ ಹಾಗೆಯೇ, ದಿಕ್ಕು ನಾನು ನೋಡ್ತೇನೆ, ಒತ್ತುದು ನೀನು," ಎಂದರು.

ಭಟ್ಟರ ಮುಖ ನೋಡಿದೆ. ಇಷ್ಟು ವರ್ಷದ ಪದ್ಧತಿ ಅವರದ್ದೂ ಹೌದು. ಅವರು ಬಿದ್ದ ಸೌಟನ್ನು ಒರೆಸಿ, ಹಿಡಿಯನ್ನು ನನ್ನ ಕಡೆ ಮಾಡಿ ಇಟ್ಟು, ಮತ್ತೆ ಸಾಂಬಾರಿನ ಪಾತ್ರೆಯ ಹತ್ತಿರ ಹೋದರು.

ಸೆರಗು ಸಿಕ್ಕಿಸಿ ಇವರ ಬಲಕ್ಕೆ ನಿಂತೆ. ಸೌಟು ಅವರ ಕೈಯಲ್ಲಿ, ಅವರ ಕೈಯ ಮೇಲೆ ನನ್ನ ಕೈ. ಹಿಟ್ಟು ಹೊಯ್ದದ್ದೇ ತಡ, ನಾನು ಅವಸರಕ್ಕೆ ಬಿದ್ದು ಗರಗರ ತಿರುಗಿಸಿದೆ. ಅದು ದೋಸೆಯಾಗಲಿಲ್ಲ, ಹರಿದ ಚಾಪೆಯಾಯಿತು. ಇವರು ಎಡಗೈಯಲ್ಲಿ ಕೆರೆದು ತೆಗೆದು ಬದಿಗೆ ಹಾಕಿದರು. ಕೆರೆಯಲಿಕ್ಕೆ ಎಡಗೈ ಆಗುತ್ತದೆ.

"ಮೊದಲೇ ಹಾರಬೇಡ ಮಾರಾಯ್ತಿ," ಎಂದರು. "ನನ್ನ ಬೆರಳಿಗೂ ಸ್ವಲ್ಪ ಟೈಮ್ ಕೊಡು."

ಎರಡನೇ ಸಲ ಹಿಟ್ಟು ಕಾವಲಿಗೆ ಬಿತ್ತು. ತಿರುಗಿಸಲು ನನ್ನ ಕೈ ತುರಿಸುತ್ತಿತ್ತು, ಆದರೂ ತಡೆದು ನಿಂತೆ. ಹಿಟ್ಟಿನ ಅಂಚು ಬಿಸಿಗೆ ಹಿಡಿಯತೊಡಗಿತು, ಮಾಸ್ತರರು ಮೊಬೈಲಿನಿಂದ ತಲೆ ಎತ್ತಿದರು, ನಾನು ಕಾದೆ. ಆಗ ನನ್ನ ಅಂಗೈಯ ಕೆಳಗೆ ಅವರ ಹೆಬ್ಬೆರಳು ಮೆಲ್ಲಗೆ ಸೌಟಿನ ಹಿಡಿಯನ್ನು ಒತ್ತಿತು.