ಎದುರಂಗಡಿ ಮಾಮನ ಕಾರುಗಳು

ಮೊನ್ನೆ ಸೈಕಲ್ ಅಂಗಡಿಯ ಮುಂದೆ ಹಾದುಹೋಗುವಾಗ ಪಂಕ್ಚರ್ ಸೊಲ್ಯೂಷನ್ನಿನ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಬರೀ ವಾಸನೆ. ನನ್ನ ಹೊಟ್ಟೆಯಲ್ಲಿ ಮಾತ್ರ ಹಳೆಯ ಕಿಚ್ಚು ಹೊಗೆಯಾಡಿತು. ಎದುರಂಗಡಿಯವರು ನೆನಪಾದರು. ತೀರಿಕೊಂಡು ತಿಂಗಳಾದರೂ ಬಿಡಲೊಲ್ಲರು, ಪುಣ್ಯಾತ್ಮರು...

ಹೊನ್ನಾವರದ ಪೇಟೆಯಲ್ಲಿ ನನ್ನದು ವಾಚ್ ರಿಪೇರಿ ಅಂಗಡಿ. ರಸ್ತೆಯ ಆಚೆ ಅವರದು ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ. ಮೂಲ ಭಟ್ಕಳದವರು. ಮನೆಯಲ್ಲಿ ನವಾಯತಿ ಮಾತು, ಮೀನಿನವಳ ಹತ್ತಿರ ಕೊಂಕಣಿ, ಗಿರಾಕಿಗಳ ಹತ್ತಿರ ಕನ್ನಡ, ಬಾಯಿಗೆ ಬಿಡುವೆಂಬುದಿರಲಿಲ್ಲ. ನಾನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ತಲೆ ಬಗ್ಗಿಸಿ ಕೂತಿದ್ದರೆ ಅಲ್ಲಿಂದ ನಗು ಕೇಳಿಸುತ್ತಿತ್ತು. ಅಷ್ಟನ್ನು ಹೇಗೋ ಸಹಿಸಬಹುದಿತ್ತು.

ತೊಂಬತ್ತರ ದಶಕದ ಕೊನೆಗೆ ಗಲ್ಫಿನಿಂದ ರಜೆಗೆ ಬರುವವರ ಪೆಟ್ಟಿಗೆಗಳಲ್ಲಿ ಮಕ್ಕಳಿಗೆಂದು ರಿಮೋಟ್ ಕಾರುಗಳು ಬರತೊಡಗಿದವು. ಮಕ್ಕಳು ಅವನ್ನು ಓಡಿಸುತ್ತಿದ್ದದ್ದು ಹೊಳೆಯಾಚೆಯ ಕಾಸರಕೋಡಿನ ಸಮುದ್ರ ದಂಡೆಯಲ್ಲಿ. ಮರಳು ಒಳಹೊಕ್ಕು ಹಲ್ಲುಗಾಲಿ ಸವೆಯುತ್ತಿತ್ತು, ಟೈರು ಬೋಳಾಗುತ್ತಿತ್ತು. ತಂದವನು ವಾಪಸು ವಿಮಾನ ಹತ್ತುವ ಮೊದಲೇ ಕಾರು ಎದುರಂಗಡಿ ಸೇರುತ್ತಿತ್ತು. ಅವರು ಸತ್ತ ಕಾರುಗಳನ್ನೆಲ್ಲ ಒಂದು ಬಿಸ್ಕಿಟ್ ಡಬ್ಬಿಯಲ್ಲಿ ಕೂಡಿಟ್ಟುಕೊಂಡು, ಒಂದರ ಹಲ್ಲುಗಾಲಿ ಬಿಚ್ಚಿ ಇನ್ನೊಂದಕ್ಕೆ ಕೂರಿಸುತ್ತಿದ್ದರು. ಬೋಳು ಚಕ್ರಕ್ಕೆ ಸೈಕಲ್ ಟ್ಯೂಬಿನಿಂದ ಉಂಗುರ ಕತ್ತರಿಸಿ, ಸೊಲ್ಯೂಷನ್ ಹಚ್ಚಿ ತೊಡಿಸುತ್ತಿದ್ದರು. ಆಮೇಲೆ ಅಂಗಡಿಯ ಮುಂದೆ ತಮ್ಮ ಚಪ್ಪಲಿಗಳನ್ನು ದೂರದೂರ ಇಡುವರು. ಅವಕ್ಕೆ ತಾಗದಂತೆ ಕಾರು ಸುತ್ತಿಸಿ ತೋರಿಸಿದರೇನೇ ಮಗುವಿನ ಕೈಗೆ ಕಾರು. ಪೇಟೆಗೆ ಪೇಟೆಯೇ ನಿಂತು ನೋಡುತ್ತಿತ್ತು. ವಾಚ್ ಕೊಡಲು ಬಂದ ನನ್ನ ಗಿರಾಕಿಗಳೂ ನನಗೆ ಬೆನ್ನು ಹಾಕಿ ಅತ್ತಲೇ ನೋಡುತ್ತಿದ್ದರು.

ನನ್ನ ಮಗಳಿಗೂ ಅವಳ ಸೋದರಮಾವ ಮಸ್ಕತ್ತಿನಿಂದ ಒಂದು ಕೆಂಪು ಕಾರು ತಂದ. ಅದು ಕುಂಟತೊಡಗಿದಾಗ ನಾನೇ ಬಿಚ್ಚಿದೆ. ಊರವರ ಗಡಿಯಾರ ನಡೆಸುವವನಿಗೆ ಆಟದ ಸಾಮಾನು ಯಾವ ಲೆಕ್ಕ? ಉಪ್ಪುಗಾಳಿಯ ಊರಿನಲ್ಲಿ ವಾಚಿನವನ ಮೊದಲ ಮದ್ದು ಎಣ್ಣೆ. ಹಲ್ಲು ಹಲ್ಲಿಗೂ ತೊಟ್ಟು ಬಿಟ್ಟೆ. ಮನೆಯೊಳಗೆ ಕುದುರೆಯ ಹಾಗೆ ಓಡಿತು. ದಂಡೆಗೆ ಹೋಗಿ ಬಂದದ್ದೇ ಗರಗರ ಅಂದು ನಿಂತಿತು. ಮಗಳು ನನ್ನನ್ನು ಕೇಳಲೂ ಇಲ್ಲ, ಸೀದಾ ರಸ್ತೆ ದಾಟಿದಳು.

ಅವರು ಬಿಚ್ಚಿ ನೋಡಿ ಅಲ್ಲಿಂದಲೇ ಕೂಗಿದರು: “ಎಂತ ಮಾರಾಯ್ರೆ, ಕಾರಿಗೆ ಎಣ್ಣೆಸ್ನಾನ ಮಾಡ್ಸಿದ್ರಾ? ನಿಮ್ಮ ವಾಚು ಗಾಜಿನ ಒಳಗೆ ಇರ್ತದೆ, ಇದು ದಂಡೆ ಹೊಯ್ಗೆಲಿ ಓಡೂದು. ಎಣ್ಣೆಗೆ ಹೊಯ್ಗೆ ಅಂಟಿ ಹಲ್ಲೆಲ್ಲ ತಿಂದು ಹಾಕಿದೆ!”

ಪೇಟೆ ನಕ್ಕಿತು. ಮಗಳೂ ನಕ್ಕಳು. ಅವರ ಮಾತು ಸುಳ್ಳಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಅಂದಿನಿಂದ ಶಾಲೆ ಬಿಟ್ಟದ್ದೇ ಅವಳು ಎದುರಂಗಡಿಯಲ್ಲಿ. ಮನೆಗೆ ಬಂದರೆ ಮಾಮ ಹಾಗಂದ್ರು, ಮಾಮ ಹೀಗಂದ್ರು. ಒಮ್ಮೆ ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು: “ಅಪ್ಪಾ, ಮಾಮಂಗೆ ಎಲ್ಲ ಬರ್ತದೆ. ನಿಂಗೆ ವಾಚು ಒಂದೇ ಅಲ್ದಾ?”

ಹಠ ಹಿಡಿದೆ. ಅವಳ ಕಾರಿನ ಟೈರು ಮತ್ತೆ ಬೋಳಾದಾಗ ಅವಳಿಗೆ ತಿಳಿಯದಂತೆ ನಾನೇ ಟ್ಯೂಬು ಕತ್ತರಿಸಿದೆ, ಸೊಲ್ಯೂಷನ್ ಹಚ್ಚಿದೆ. ಬೆರಳೆಲ್ಲ ಅಂಟಂಟು. ಕೊಟ್ಟಾಗ ತಿರುಗಿಸಿ ತಿರುಗಿಸಿ ನೋಡಿದಳು. ಕಣ್ಣು ಅರಳಿತು. “ಅಪ್ಪಾ! ಮಾಮನ ಹಂಗೇ ಮಾಡಿದ್ಯಲ್ಲ!” ಅಂದಳು. ಪಾಪ, ಹೊಗಳಿದ್ದು ಅವಳು. ಅವತ್ತು ನನಗೆ ಬಂದಷ್ಟು ಸಿಟ್ಟು ಬೇರೆ ಯಾವತ್ತೂ ಬಂದದ್ದಿಲ್ಲ.

ಮುಂದೆ ಮೊಬೈಲು ಬಂತು, ಟೇಪ್‌ರೆಕಾರ್ಡರು ಹೋಯಿತು. ಅವರು ಅಂಗಡಿ ಮುಚ್ಚಿ ಭಟ್ಕಳಕ್ಕೆ ಮರಳಿದರು. ಶಟರ್ ಎಳೆದ ದಿನ ಒಳಗೊಳಗೇ ಹಿಗ್ಗಿದೆ ಎನ್ನಲು ನನಗೆ ನಾಚಿಕೆಯಿಲ್ಲ.

ಹೋದ ತಿಂಗಳು ಅವರ ಸುದ್ದಿ ಬಂತು. ಮಗಳು ಈಗ ಕುಮಟಾದಲ್ಲಿ ಟೀಚರು. ಫೋನಿನಲ್ಲಿ ಹೇಳಿದೆ. ನಾನು ಜ್ವರದಲ್ಲಿ ಮಲಗಿದ್ದಾಗ ಅವಳು ಬರಲು ಭಾನುವಾರವೇ ಆಗಬೇಕಾಗಿತ್ತು. ಮಾಮನಿಗಾದರೆ ಅಂದೇ ರಜೆ ಹಾಕಿ ಭಟ್ಕಳದ ಬಸ್ಸು ಹತ್ತಿದಳು. ಸತ್ತವರ ಮೇಲೂ ಹೊಟ್ಟೆಕಿಚ್ಚೇ ಎಂದು ಯಾರಾದರೂ ಕೇಳಿದರೆ, ಹೌದು ಎನ್ನುತ್ತೇನೆ.

ಅವಳನ್ನು ನೋಡಲು ನಾನು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಬಸ್ಸು ಹೊನ್ನಾವರದಲ್ಲಿ ನಿಂತಾಗ ಕಿಟಕಿಯಲ್ಲಿ ಅವಳ ಊದಿದ ಕಣ್ಣು ಕಂಡಿತು. “ಹತ್ತು ಅಪ್ಪಾ, ನೀನೂ ಬಾ” ಎಂದು ಪಕ್ಕಕ್ಕೆ ಸರಿದಳು. ಹತ್ತಿದೆ. ಶರಾವತಿ ಸೇತುವೆ ಬರುವಷ್ಟರಲ್ಲಿ ನನ್ನ ಹೆಗಲಿಗೆ ಒರಗಿ ಬಿಕ್ಕಿದಳು. ಅಳುತ್ತಿದ್ದದ್ದು ಅವರಿಗಾಗಿ, ಸರಿ. ಆದರೆ ಒರಗಿದ್ದು ನನ್ನ ಹೆಗಲಿಗೆ. ಅಂತೂ ಗೆದ್ದೆ ಅನ್ನಿಸಿತು. ಗೆದ್ದದ್ದನ್ನು ನೋಡಲು ಅವರೇ ಇರಲಿಲ್ಲ.

ಎದುರಿನ ಆ ಜಾಗದಲ್ಲಿ ಈಗ ಬೇಕರಿಯಿದೆ. ಒಳ್ಳೆಯ ಹುಡುಗರು, ವ್ಯಾಪಾರವೂ ಜೋರು. ಎಷ್ಟು ನೋಡಿದರೂ ಆ ಹುಡುಗರ ಮೇಲೆ ನನಗೆ ಕಿಚ್ಚು ಹುಟ್ಟುವುದಿಲ್ಲ.