ಶೇಂಗಾ ಹಾಲಿನ ಖೀರು

ಬೀದರಿನ ಆ ಎರಡು ಖೋಲಿಯ ಮನೆಯನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಮದುವೆಯಾಗಿ ಬಂದು ನಾನು ಒಲೆ ಹೂಡಿದ ಮೊದಲ ಮನೆ ಅದು. ಗೋಡೆಗೆ ಸುಣ್ಣ ಬಳಿದವಳು ನಾನು, ಇಲಿಬಿಲ ಮುಚ್ಚಿದವಳು ನಾನು, ಬಚ್ಚಲಿಗೆ ಕಲ್ಲು ಹೊಂದಿಸಿದವಳೂ ನಾನೇ. ಅಂಥ ಮನೆ ಬಿಟ್ಟು ಬರುವ ದಿನ ಹೆಂಗಸರು ಅಳುತ್ತಾರೆ. ನಾನು ಅಳಲಿಲ್ಲ, ಜಗಳಾಡಿದೆ.

ಮನೆಯ ಒಡತಿ ಅದೇ ಅಂಗಳದ ಆಚೆ ಬದಿಗೆ ಇದ್ದಳು. ಅವಳನ್ನು ಕಾಕು ಎನ್ನುತ್ತಿದ್ದೆ, ಅವಳ ಗಂಡನನ್ನು ಕಾಕಾ. ಮೊದಮೊದಲು ಬಾಯಿ ತುಂಬ ‘ತಂಗೀ’ ಎಂದು ಕರೆದಳು. ಆಮೇಲೆ ನಾನು ಒಳಗಿನ ಗೋಡೆಗೆ ಮೊಳೆ ಹೊಡೆದು ಬುದ್ಧನ ಪಟ ಹಾಕಿದೆ. ಬಾಗಿಲಲ್ಲಿ ನಿಂತು ಅದನ್ನು ನೋಡಿದಳು, ನಾವು ಯಾರು, ಯಾವ ಕೇರಿಯವರು ಎಂಬುದು ಅವಳಿಗೆ ತಿಳಿಯಿತು. ಮನೆ ಖಾಲಿ ಮಾಡಿ ಎನ್ನಲಿಲ್ಲ. ಬರಗಾಲದಲ್ಲಿ ಬಾಡಿಗೆದಾರರು ಎಲ್ಲಿ ಸಿಗಬೇಕು? ಆದರೆ ಅಂದಿನಿಂದ ಅವಳ ಬಾಯಲ್ಲಿ ಒಂದು ಹೊಸ ಮಾತು ಶುರುವಾಯಿತು: ‘ನಡಿಯಂಗಿಲ್ಲ.’ ನಮ್ಮ ಕೊಡ ಅವಳ ಕೊಡಕ್ಕೆ ತಾಗುವುದು ನಡಿಯಂಗಿಲ್ಲ. ನಾನು ಅವಳ ಪಡಸಾಲೆ ಹತ್ತುವುದು ನಡಿಯಂಗಿಲ್ಲ. ಬೈದು ಹೇಳುತ್ತಿರಲಿಲ್ಲ, ನಗುನಗುತ್ತ ಹೇಳುತ್ತಿದ್ದಳು. ‘ನಮ್ಮ ಮನ್ಯಾಗ ನಡಿಯಂಗಿಲ್ಲ ತಂಗಿ, ಮನಸ್ಸಿಗಿ ಹಚ್ಕೋಬ್ಯಾಡ.’ ಮನಸ್ಸಿಗೆ ಹಚ್ಚಿಕೊಳ್ಳದೆ ಗೋಡೆಗೆ ಹಚ್ಚಲೇ?

ಅವಳಿಗೊಂದು ಎಮ್ಮೆ ಇತ್ತು, ನಮಗೆ ಹಾಲು ಅಲ್ಲಿಂದಲೇ. ನಾನು ತಂಬಿಗೆಯನ್ನು ನೆಲದ ಮೇಲಿಟ್ಟು ಹಿಂದೆ ಸರಿಯಬೇಕು, ಅವಳು ನಿಂತಲ್ಲಿಂದಲೇ ಮೇಲಿಂದ ಸುರಿಯಬೇಕು. ದುಡ್ಡು ಮಾತ್ರ ಕೈಯಿಂದ ಕೈಗೆ ನಡೆಯುತ್ತಿತ್ತು! ಒಂದು ಬೆಳಿಗ್ಗೆ ಅವಳು ಸುರಿಯಲು ಶುರುಮಾಡಿದಾಗ ನಾನು ತಂಬಿಗೆಯನ್ನು ಎತ್ತಿಕೊಂಡುಬಿಟ್ಟೆ. ಹಾಲೆಲ್ಲ ನೆಲದ ಪಾಲಾಯಿತು. ‘ಹುಚ್ಚು ಹಿಡದಾದೇನ್ ನಿನಗ?’ ಎಂದು ಚೀರಿದಳು. ‘ಹೌದ್ರಿ ಕಾಕು, ಇವತ್ತ ಹಿಡದಾದ’ ಎಂದೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಹಾಲಿಲ್ಲ, ಮೊಸರಿಲ್ಲ, ತುಪ್ಪವಿಲ್ಲ. ನಮ್ಮವರು ಕರಿ ಚಹಾ ಕುಡಿಯುವಾಗ ಮುಖ ಸಣ್ಣದು ಮಾಡುತ್ತಿದ್ದರು. ಮಾಡಿಕೊಳ್ಳಲಿ ಎಂದುಕೊಂಡೆ.

ನಮ್ಮವರು ಗಾಂಧಿ ಗಂಜಿನ ಒಂದು ಅಡತಿ ಅಂಗಡಿಯಲ್ಲಿ, ಕಾಳು ಮಾರಿಸಿ ಕಮಿಷನ್ ಹಿಡಿಯುವಲ್ಲಿ, ಲೆಕ್ಕ ಬರೆಯುವ ಮುನೀಮರಾಗಿದ್ದರು. ಮಳೆ ಮತ್ತೆ ಕೈಕೊಟ್ಟಿತು. ಭಾಲ್ಕಿ, ಔರಾದ ಕಡೆಯಿಂದ ತೊಗರಿ, ಹೆಸರು ಹೇರಿಕೊಂಡು ಬರುತ್ತಿದ್ದ ಲಾರಿಗಳು ನಿಂತವು. ಮಾಲೇ ಬರದಿದ್ದರೆ ಮುನೀಮ ಏನು ಬರೆಯಬೇಕು? ಹಮಾಲರು ಮೊದಲು ಹೋದರು, ಆಮೇಲೆ ನಮ್ಮವರ ಸರದಿ ಬಂತು. ಪುಣೆಯಲ್ಲಿ ಒಂದು ಗೋದಾಮಿನ ಕೆಲಸ ಗೊತ್ತಾಯಿತು. ದೊಡ್ಡ ಸಾಮಾನನ್ನು ಅವರ ಊರು ಮೆಹಕರಕ್ಕೆ ಸಾಗಿಸಿ, ಭಾಲ್ಕಿಯಲ್ಲಿ ರೈಲು ಹತ್ತುವುದೆಂದು ನಿಶ್ಚಯ ಮಾಡಿದೆವು. ಹೊರಡುವ ದಿನವೇ ಬುದ್ಧ ಹುಣ್ಣಿಮೆ ಬಂತು.

ಔರಾದ ಹತ್ತಿರದ ನನ್ನ ತವರಿನಲ್ಲಿ ಆ ಹುಣ್ಣಿಮೆಗೆ ಖೀರು ಆಗಲೇಬೇಕು. ಹಸಿದು ಸೊರಗಿದ ಬುದ್ಧನಿಗೆ ಒಬ್ಬ ಹೆಣ್ಣುಮಗಳು ಖೀರು ಕೊಟ್ಟಳು, ಅವನು ಉಂಡ ಎಂದು ನಮ್ಮವ್ವ ಹೇಳುತ್ತಿದ್ದಳು. ‘ನಡಿಯಂಗಿಲ್ಲ’ ಎನ್ನಲಿಲ್ಲ ಪುಣ್ಯಾತ್ಮ. ಮನೆ ಬಿಡುತ್ತಿದ್ದೇವೆಂದು ಖೀರು ಬಿಡುವುದುಂಟೇ? ಹಾಗಂತ ಆ ಎಮ್ಮೆಯ ಹಾಲಿಗೆ ತಂಬಿಗೆ ಇಟ್ಟು ಹಿಂದೆ ಸರಿಯಲು ನಾನು ತಯಾರಿರಲಿಲ್ಲ. ಕೆಲಸ ಬಿಡುವಾಗ ಅಡತಿ ಸಾಹುಕಾರರು ನಮ್ಮವರಿಗೆ ಒಂದು ಗಂಟು ಶೇಂಗಾ ಕೊಟ್ಟಿದ್ದರು. ಅದನ್ನೇ ರಾತ್ರಿ ನೆನೆಹಾಕಿದೆ.

ಬೆಳಿಗ್ಗೆ ಸಿಪ್ಪೆ ತಿಕ್ಕಿ ತೆಗೆದು, ಕಲ್ಲಿನ ಮೇಲೆ ಬೆಣ್ಣೆಯ ಹಾಗೆ ಅರೆದು, ಹಳೇ ಧೋತರದ ತುಂಡಿನಲ್ಲಿ ಹಿಂಡಿದೆ. ಮೊದಲು ಬಂದ ಗಟ್ಟಿ ಹಾಲು ಬೇರೆ ತೆಗೆದಿಟ್ಟೆ. ಅದೇ ಹಿಂಡಿಗೆ ಮತ್ತೆ ನೀರು ಹಾಕಿ ಹಿಂಡಿದ ತೆಳು ಹಾಲಿನಲ್ಲಿ ಅಕ್ಕಿ ಬೇಯಿಸಿದೆ. ಅಕ್ಕಿ ಬೆಂದ ಮೇಲೆ ಸಕ್ಕರೆ, ಅರೆದ ಗಸಗಸೆ, ಏಲಕ್ಕಿ, ಕೊನೆಗೆ ಗಟ್ಟಿ ಹಾಲು. ಕೈ ಬಿಡದೆ ತಿರುವಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಗಂಟು ಕಟ್ಟುವ ಗದ್ದಲದಲ್ಲಿ ನಮ್ಮವರು ಹಗ್ಗ ಎಲ್ಲಿ ಎಂದು ಕೂಗಿದರು. ನಾನು ಅತ್ತ ತಿರುಗಿದ್ದೇ ತಡ, ಖೀರು ಬುಸ್ಸೆಂದು ಉಕ್ಕಿ ಒಲೆಯ ಮೇಲೆಲ್ಲ ಬೆಳ್ಳಗೆ ಹರಿಯಿತು.

ಅದೇ ಹೊತ್ತಿಗೆ ಕಾಕು ಮನೆ ನೋಡಲು ಬಂದಳು. ಮೊಳೆ ಗಿಳೆ ಕಿತ್ತುಕೊಂಡು ಹೋಗುತ್ತೇವೇನೋ ಎಂಬ ಅನುಮಾನ ಅವಳಿಗೆ. ಹೊಸ್ತಿಲಾಚೆ ನಿಂತು ಒಲೆಯನ್ನು ನೋಡಿದವಳ ಕಣ್ಣು ಅಲ್ಲೇ ನೆಟ್ಟಿತು.

‘ಹಾಲ ಎಲ್ಲಿಂದ ಬಂತವ್ವಾ?’

‘ಹಾಲಲ್ರಿ ಕಾಕು, ಶೇಂಗಾದ್ದು.’

‘ನನಗ ಹೇಳ್ತಿ? ಉಕ್ಕಿದ್ದು ಕಣ್ಣೀಗಿ ಕಾಣಸ್ತದ. ಮುಂಜಾನಿ ಎಮ್ಮಿ ಚರಗಿ ತುಂಬ ಸುದ್ದಾ ಹಿಂಡಲಿಲ್ಲ. ಈಗ ಗೊತ್ತಾತು ಯಾಕಂತ!’

ಎಲಾ ಇವಳ! ಮೇವಿಲ್ಲದೆ ಎಮ್ಮೆಯ ಪಕ್ಕೆಲುಬು ಎಣಿಸುವಂತಾಗಿತ್ತು, ಅದು ಹಾಲು ಎಲ್ಲಿಂದ ತರಬೇಕು? ಕಾಕು ಅಂಗಳಕ್ಕಿಳಿದು, ಓಣಿಗೆ ಕೇಳುವಂತೆ ಗಂಟಲು ಹರಿದುಕೊಂಡಳು. ಎಮ್ಮೆ ಹಿಂಡಿ ಓಡಿಹೋಗುತ್ತಿದ್ದಾರೆ, ಹಬ್ಬ ಮಾಡುತ್ತಿದ್ದಾರೆ ಕಳ್ಳರು ಎಂದಳು. ಕೈಬಂಡಿಗೆ ಟ್ರಂಕು ಹೇರುತ್ತಿದ್ದ ನಮ್ಮವರು ನನ್ನ ಹತ್ತಿರ ಬಂದು, ‘ಇನ್ನೊಂದು ಗಳಗಿಗಿ ಹೋಗೋರಿದ್ದೀವಿ, ಬಿಡು’ ಎಂದು ಪಿಸುಗುಟ್ಟಿದರು. ಅವರ ಮೇಲೆ ಬಂದ ಸಿಟ್ಟು ಅವಳ ಮೇಲೂ ಬರಲಿಲ್ಲ. ಹೋಗುವವರೇ ಆದರೆ ಕಳ್ಳಿ ಎಂಬ ಹೆಸರು ಹೊತ್ತುಕೊಂಡು ಹೋಗಬೇಕೇ? ನಾವು ಬಾಳಿದ ಓಣಿಯಲ್ಲಿ ನಮ್ಮ ಗುರುತು ಅದೊಂದೇ ಉಳಿಯಬೇಕೇ? ಇದು ಇತ್ಯರ್ಥವಾಗದೆ ನಾನು ಆ ಅಂಗಳ ದಾಟುವುದಿಲ್ಲ ಎಂದುಬಿಟ್ಟೆ.

ಪಾತ್ರೆಯನ್ನು ಎತ್ತಿ ತಂದು ಅಂಗಳದ ನಡುವೆ ಕುಕ್ಕಿದೆ. ‘ತಿಂದ ನೋಡ್ರಿ ಕಾಕು. ಹಾಲೋ ಶೇಂಗಾನೋ ನಿಮ್ಮ ನಾಲಗಿನೇ ಹೇಳ್ತದ.’

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ‘ನಿಮ್ಮ ಮನಿ ಅಡಗಿ ನನಗ ನಡಿಯಂಗಿಲ್ಲ.’

‘ಕಳ್ರು ಅನ್ನೋದು ನಡೀತದ, ತಿಂದ ನೋಡೋದು ನಡಿಯಂಗಿಲ್ಲೇನ್ರಿ?’

ಅವಳು ಸುತ್ತ ನೋಡಿದಳು. ಅವಳ ಬೆಕ್ಕು ಕಟ್ಟೆಯ ಮೇಲೆ ಕೂತಿತ್ತು. ಅಲ್ಲೇ ಬಿದ್ದಿದ್ದ ಒಡೆದ ಗಡಿಗೆಯ ಚೂರೊಂದನ್ನು ಕಾಲಿನಿಂದ ನನ್ನತ್ತ ತಳ್ಳಿ, ‘ಇದರಾಗ ಹಾಕು. ಹಾಲಿದ್ರ ಬೆಕ್ಕ ಕುಡೀತದ’ ಎಂದಳು. ನನ್ನ ಮಾತಿಗಿಲ್ಲದ ಬೆಲೆ ಬೆಕ್ಕಿನ ನಾಲಿಗೆಗೆ! ಹಲ್ಲು ಕಚ್ಚಿ ಹಾಕಿದೆ. ಅದೋ ಬರಗಾಲದ ಬೆಕ್ಕು, ಸುಣ್ಣದ ನೀರಿಟ್ಟರೂ ನೆಕ್ಕುತ್ತಿತ್ತು. ಚೂರನ್ನು ನೆಕ್ಕಿ ಸ್ವಚ್ಛ ಮಾಡಿ ಮೀಸೆ ಒರೆಸಿಕೊಂಡು ನೇರ ಅವಳ ಅಡುಗೆಮನೆಗೆ ನಡೆಯಿತು.

‘ನೋಡಿದ್ರಾ? ಬೆಕ್ಕ ಸುಳ್ಳ ಹೇಳ್ತದೇನು?’ ಎಂದು ಕಾಕು ಎರಡೂ ಕೈ ಸೊಂಟಕ್ಕೆ ಕೊಟ್ಟು ನಿಂತಳು.

ನನ್ನ ಕಣ್ಣಲ್ಲಿ ನೀರು ಬಂತು, ಸಿಟ್ಟಿನ ನೀರು. ಅಷ್ಟರಲ್ಲಿ ಕಾಕಾ ಹೊರಸಿನಿಂದ ಎದ್ದು ಬಂದರು. ಆ ಮನುಷ್ಯ ಹೆಂಡತಿಯ ಎದುರು ಬಾಯಿ ಬಿಟ್ಟಿದ್ದನ್ನು ನಾನು ನೋಡಿರಲಿಲ್ಲ. ನನ್ನ ಮುಂದೆ ನಿಂತು ಬೊಗಸೆ ಒಡ್ಡಿ, ‘ಹಾಕವ್ವಾ’ ಎಂದರು. ಒಂದು ಚಮಚೆ ಹಾಕಿದೆ. ಬಾಯಿಗೆ ಹಾಕಿಕೊಂಡು, ನಿಧಾನಕ್ಕೆ ನುಂಗಿ, ಹೆಂಡತಿಯ ಕಡೆ ತಿರುಗಿದರು.

‘ಶೇಂಗಾ ಅದ. ಹಾಲಿಂದು ಹನಿ ಸುದ್ದಾ ಇಲ್ಲ.’

ಓಣಿಯ ಜನ ಬಾಗಿಲಲ್ಲಿ ನಿಂತು ಕೇಳಿದರು. ನನಗೆ ಕಾಕಾ ಅವರ ಕಾಲಿಗೆ ಬೀಳುವಷ್ಟು ಸಮಾಧಾನವಾಯಿತು. ಕಾಕು ಏನಾದರೂ ಅನ್ನುತ್ತಾಳೆಂದು ಕಾದೆ. ತಪ್ಪಾಯಿತು ಎನ್ನುವುದು ಬೇಡ, ‘ಹಂಗೇನು’ ಎಂದಿದ್ದರೂ ಸಾಕಿತ್ತು.

ಕಾಕಾ ಪಡಸಾಲೆಯ ಮೆಟ್ಟಿಲ ಮೇಲೆ ಕಾಲಿಟ್ಟರು. ‘ಅಲ್ಲೇ ನಿಂದರ್ರಿ!’ ಎಂದಳು ಅವಳು. ‘ಹಂಗೇ ಒಳಗ ಬರಬ್ಯಾಡ್ರಿ.’ ಒಳಗೆ ಹೋಗಿ ಎರಡೂ ಕೈಯಲ್ಲಿ ತುಂಬಿದ ಕೊಡ ಎತ್ತಿಕೊಂಡು ಬಂದಳು. ಆ ಬೇಸಿಗೆಯಲ್ಲಿ ಬಾವಿಯ ತಳದಲ್ಲಿ ಬರೀ ಕೆಸರಿತ್ತು. ಅಕ್ಕಿ ತೊಳೆದ ನೀರಿನಲ್ಲೇ ನಾವೆಲ್ಲ ಕೈಕಾಲು ತೊಳೆಯುತ್ತಿದ್ದೆವು, ಅವಳೂ ಹಾಗೇ ಮಾಡುತ್ತಿದ್ದಳು. ಕಾಕಾ ಅಂಗಳದ ಬಚ್ಚಲಗಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ತಲೆ ಬಗ್ಗಿಸಿದರು. ಅವಳು ಇಡೀ ಕೊಡ ಅವರ ತಲೆಯ ಮೇಲೆ ಸುರಿದಳು.

ನಮ್ಮವರು ನನ್ನ ಭುಜ ಮುಟ್ಟಿ, ‘ಆತಲ್ಲ, ನಾವ್ ಕಳ್ರಲ್ಲ ಅಂತ ಎಲ್ಲಾರಿಗಿ ಗೊತ್ತಾತಲ್ಲ. ನಡಿ ಇನ್ನ’ ಎಂದರು.

‘ಕಳ್ರಾಗಿದ್ರೇ ಛಲೋ ಇತ್ರಿ,’ ಎಂದೆ. ‘ಕಳ್ರನ್ನ ಮುಟ್ಟಿ ಯಾರೂ ಜಳಕ ಮಾಡಂಗಿಲ್ಲ.’